ನನ್ನ ಫೋನಿಗೆ ವಯಸ್ಸಾಯ್ತಂತೆ

ಬೆಳಿಗ್ಗೆ ಹತ್ತೂವರೆಗೆ ಅಂಗಡಿ ಷಟರ್ ಎತ್ತಿ, ಮಿಷನ್ನಿಗೆ ಎರಡು ತೊಟ್ಟು ಎಣ್ಣೆ ಬಿಟ್ಟು, ಬಾಬಿನ್‌ಗೆ ದಾರ ಸುತ್ಕೊಂಡು, ಲೈನಿಂಗ್ ಬಟ್ಟೆಯವರಿಗೆ ದುಡ್ಡು ಹಾಕೋಣ ಅಂತ ಬ್ಯಾಂಕಿನ ಆ್ಯಪ್ ತೆಗೆದೆ. ಒಂದು ಕೆಂಪು ತ್ರಿಕೋನ ಬಂತು. ಕೆಳಗೆ ‘ನಿಮ್ಮ ಸಾಧನ ಸುರಕ್ಷಿತವಾಗಿಲ್ಲ, ಸೇವೆ ಮುಂದುವರಿಸಲು ಸಾಧ್ಯವಿಲ್ಲ’ ಅಂತ ಬರಹ. ಸಾಧನವಂತೆ! ನಿನ್ನೆ ರಾತ್ರಿ ಒಂಬತ್ತಕ್ಕೆ ಇದೇ ಸಾಧನದಿಂದ ಕರೆಂಟ್ ಬಿಲ್ ಕಟ್ಟಿದೀನಿ. ನಾನು ಮಲಗಿದ ಮೇಲೆ ಅದೇನು ಎದ್ದು ಹೋಗಿ ಕೆಟ್ಟವರ ಸಹವಾಸ ಮಾಡ್ಕೊಂಡು ಬಂತಾ?

ಈ ಫೋನು 2018ರ ವರಮಹಾಲಕ್ಷ್ಮಿ ಹಬ್ಬದ ಸೀಸನ್ನಲ್ಲಿ ತಗೊಂಡಿದ್ದು. ಆ ತಿಂಗಳು ನಿದ್ದೆಗೆಟ್ಟು ಹೊಲಿದ ದುಡ್ಡಷ್ಟೂ ಇದಕ್ಕೇ ಹೋಯ್ತು. ಬಲಮೂಲೇಲಿ ಒಂದು ಬಿರುಕಿದೆ, ಅದು ನನ್ನ ಕತ್ತರಿ ಬಿದ್ದು ಆಗಿದ್ದು, ಪಾಪ ಅದರ ತಪ್ಪಲ್ಲ. ಒಂದ್ಸಲ ನಮ್ಮ ತುಮಕೂರಿನ ಎಂ.ಜಿ. ರಸ್ತೇಲಿ ಬ್ಯಾಟರಿ ಬದಲಾಯಿಸಿದೀನಿ. ಬೆಳಿಗ್ಗೆ ಚಾರ್ಜ್‌ಗೆ ಹಾಕಿದ್ರೆ ರಾತ್ರಿ ಷಟರ್ ಎಳೆಯೋವರೆಗೂ ಬರುತ್ತೆ. ತಿಪಟೂರಿಂದ ನನ್ನ ತಂಗಿ ಮುಕ್ಕಾಲು ಗಂಟೆ ಅತ್ತೆ ಪುರಾಣ ಹೇಳಿದ್ರೂ ಬಿಸಿ ಆಗಲ್ಲ. ನಾನು ಆಗ್ತೀನಿ, ಅದು ಆಗಲ್ಲ.

ಸರಿ ಅಂತ ಬ್ಯಾಂಕಿಗೆ ಹೋದೆ. ಟೋಕನ್ ಹಿಡ್ಕೊಂಡು ಐವತ್ತು ನಿಮಿಷ ಕೂತೆ. ಕೌಂಟರಿನ ಹುಡುಗ ನನ್ನ ಫೋನನ್ನ ಸತ್ತ ಜಿರಲೆ ಎತ್ತೋ ಹಾಗೆ ಎರಡು ಬೆರಳಲ್ಲಿ ಎತ್ತಿ, ತಿರುಗಿಸಿ ನೋಡಿ, ‘ಆಂಟಿ, ಇದು ತುಂಬಾ ಹಳೇದಾಯ್ತು. ಹೊಸದು ತಗೊಂಡ್ಬಿಡಿ, ಹನ್ನೆರಡು ಸಾವಿರಕ್ಕೆಲ್ಲ ಚೆನ್ನಾಗಿರೋದೇ ಬರುತ್ತೆ’ ಅಂದ. ಹನ್ನೆರಡು ಸಾವಿರಕ್ಕೆ‘ಲ್ಲ’! ಆ ಒಂದು ‘ಎಲ್ಲ’ ಚುಚ್ಚಿದ ಹಾಗೆ ನನ್ನ ಸೂಜಿನೂ ಯಾವತ್ತೂ ಚುಚ್ಚಿಲ್ಲ. ಲೈನಿಂಗ್ ಇಲ್ಲದ ಸಾದಾ ಬ್ಲೌಸಿಗೆ ನಾನು ತಗೊಳ್ಳೋದು 250. ಅಂದ್ರೆ 48 ಬ್ಲೌಸು. ದಾರ, ಹುಕ್ಕು, ಅಂಗಡಿ ಬಾಡಿಗೆ ಯಾವುದೂ ಲೆಕ್ಕಕ್ಕೆ ಹಿಡೀದೆ 48. ಅಷ್ಟು ಜನರ ಹತ್ರ ತೋಳು ಬಿಗಿಯಾಯ್ತು, ಕತ್ತು ಸಡಿಲ ಆಯ್ತು ಅಂತ ಮಾತು ಕೇಳಬೇಕು, ಒಂದು ಆ್ಯಪು ತೆರೆಯೋಕೆ.

ಮಗನಿಗೆ ಫೋನ್ ಮಾಡಿ ಕೋಪ ಎಲ್ಲ ಅವನ ಮೇಲೆ ತೀರಿಸ್ಕೊಂಡೆ. ಅವನು ಬೆಂಗಳೂರಲ್ಲಿ ಕಂಪ್ಯೂಟರ್ ಕೆಲಸದಲ್ಲಿದಾನೆ. ‘ಅಮ್ಮಾ, ಬ್ಯಾಂಕಿನವರು ಹೇಳೋದ್ರಲ್ಲೂ ಅರ್ಥ ಇದೆ. ಹಳೇ ಸಾಫ್ಟ್‌ವೇರಲ್ಲಿ ತೂತು ಸಿಕ್ತಾ ಇರುತ್ತೆ. ಕಂಪನಿಯವರು ತೇಪೆ ಹಾಕಬೇಕು, ನಿನ್ನ ಫೋನಿಗೆ ಹಾಕೋದು ಯಾವಾಗಲೋ ನಿಲ್ಸಿದಾರೆ’ ಅಂದ. ಆಮೇಲೆ 2017ರ ವಾನಾಕ್ರೈ ಅನ್ನೋ ವೈರಸ್ಸಿನ ಕಥೆ ತೆಗೆದ. ಆ ಮೇ ತಿಂಗಳಲ್ಲಿ ನೂರೈವತ್ತು ದೇಶಗಳ ಕಂಪ್ಯೂಟರಿಗೆ ಬೀಗ ಜಡಿದು ದುಡ್ಡು ಕೇಳಿದ್ರಂತೆ, ಬ್ರಿಟನ್ನಿನಲ್ಲಿ ಆಸ್ಪತ್ರೆಗಳೇ ರೋಗಿಗಳನ್ನ ವಾಪಸ್ ಕಳಿಸಬೇಕಾಯ್ತಂತೆ. ಮೈಕ್ರೋಸಾಫ್ಟ್ ಅದಕ್ಕೆ ಎರಡು ತಿಂಗಳ ಮುಂಚೆ, ಮಾರ್ಚ್‌ನಲ್ಲೇ ತೇಪೆ ಬಿಟ್ಟಿತ್ತು, ಹಾಕ್ಕೊಳ್ಳದೆ ಇದ್ದೋರು ಸಿಕ್ಕಿಹಾಕ್ಕೊಂಡ್ರು.

ಒಪ್ಪಿದೆ ಕಣಪ್ಪ. ತೂತು ಇದ್ರೆ ತೇಪೆ ಬೇಕು, ನಾನು ದರ್ಜಿ, ನನಗೆ ಹೇಳ್ಕೊಡ್ತೀಯಾ? ಆದ್ರೆ ತೇಪೆ ಹಾಕಲ್ಲ ಅಂತ ಕೂತಿರೋನು ಯಾರು? ನಾನಾ? ಅದೇ ವಾನಾಕ್ರೈ ಬಂದ ಮೇಲೆ ಮೈಕ್ರೋಸಾಫ್ಟ್‌ನವರು 2001ರ ವಿಂಡೋಸ್ ಎಕ್ಸ್‌ಪಿಗೂ ತೇಪೆ ಕೊಟ್ಟರಲ್ಲ, ಅದನ್ನ ಹೇಳಿದ್ದೂ ನನ್ನ ಮಗನೇ. ಎಕ್ಸ್‌ಪಿಗೆ ನಾವಿನ್ನು ಏನೂ ಮಾಡಲ್ಲ ಅಂತ 2014ರಲ್ಲೇ ಕೈ ತೊಳ್ಕೊಂಡಿದ್ರು. ಬಿಸಿ ಮುಟ್ಟಿದಾಗ ಹದಿನಾರು ವರ್ಷದ ಹಳೇದಕ್ಕೂ ಸೂಜಿ ದಾರ ಸಿಕ್ತು. ಹಾಗಾದ್ರೆ ಆಗಲ್ಲ ಅನ್ನೋದಲ್ಲ, ಮಾಡಲ್ಲ ಅನ್ನೋದು. ಯುರೋಪಿನಲ್ಲಿ 2025ರ ಜೂನ್‌ನಿಂದ ಕಾನೂನೇ ಬಂದಿದೆ, ಒಂದು ಮಾಡೆಲ್ಲಿನ ಫೋನು ಮಾರೋದು ನಿಲ್ಸಿದ ಮೇಲೂ ಐದು ವರ್ಷ ಅಪ್‌ಡೇಟ್ ಕೊಡಬೇಕು, ಏಳು ವರ್ಷ ಬಿಡಿಭಾಗ ಸಿಗಬೇಕು ಅಂತ. ನಮ್ಮಲ್ಲಿ? ಏಳು ವರ್ಷದ ಅಪ್‌ಡೇಟ್ ಭಾಗ್ಯ ದುಬಾರಿ ಫೋನಿಗೆ. ಸಾದಾ ಫೋನು ಸಾದಾ ಬ್ಲೌಸಿನ ಹಾಗೆ, ಲೈನಿಂಗ್ ಇರಲ್ಲ.

ಇನ್ನೊಂದು ಮಾತು. 2024ರ ಜುಲೈ 19ನೇ ತಾರೀಕು ಇದೇ ಮಗ ಮಧ್ಯಾಹ್ನದಿಂದ ಮಾರನೇ ದಿನ ಬೆಳಿಗ್ಗೆವರೆಗೂ ಊಟ ಬಿಟ್ಟು ಕೂತಿದ್ದ. ಯಾಕೆ? ಕ್ರೌಡ್‌ಸ್ಟ್ರೈಕ್ ಅಂತ ಒಂದು ಭದ್ರತಾ ಕಂಪನಿ ಕಳಿಸಿದ ಅಪ್‌ಡೇಟಿನಿಂದಲೇ ಜಗತ್ತಿನಾದ್ಯಂತ 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆ ತೋರಿಸ್ಕೊಂಡು ನಿಂತುಬಿಟ್ಟವು. ಕಳ್ಳರಲ್ಲ ಸ್ವಾಮಿ, ಕಾವಲಿಗಿದ್ದವನೇ ಎಡವಿ ಬಾಗಿಲಿಗೆ ಬಿದ್ದ. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸನ್ನ ಪೆನ್ನಲ್ಲಿ ಬರೆದು ಕೊಟ್ರು. ಆ ಪೆನ್ನಿಗೆ ಯಾವ ವರ್ಷದ ಅಪ್‌ಡೇಟ್ ಇತ್ತೋ ಕೇಳಿ ಹೇಳಪ್ಪ ಅಂದೆ. ‘ಅಮ್ಮಾ, ಮೀಟಿಂಗ್ ಇದೆ’ ಅಂತ ಇಟ್ಟ.

ಈಗ ಅಸಲು ವಿಷಯಕ್ಕೆ ಬರ್ತೀನಿ. ಆ್ಯಪ್ ಬೇಡ ಅಂದ್ರೆ ಹಳೇ ಪದ್ಧತೀಲಿ ಚೆಕ್ ಬುಕ್ ಕೊಡಿ ಅಂದೆ. ಅದಕ್ಕೆ ಕೆವೈಸಿ ಮತ್ತೆ ಆಗಬೇಕಂತೆ. ಆಧಾರ್ ಜೆರಾಕ್ಸ್ ಎರಡು, ಪ್ಯಾನ್ ಜೆರಾಕ್ಸ್ ಎರಡು, ಫೋಟೋ ಎರಡು. ಬ್ಯಾಂಕಿನ ಎದುರಿಗೇ ಜೆರಾಕ್ಸ್ ಅಂಗಡಿ. ಮುಂದೆ ಆರು ಜನ. ಹುಡುಗ ‘ನಿಮ್ಮ ಆಧಾರ್ ವಾಟ್ಸಾಪ್ ಮಾಡಿ ಅಕ್ಕ’ ಅಂದ. ಮಾಡಿದೆ. ಫೈಲು ತೆಗೆಯೋಕೆ ಪಾಸ್‌ವರ್ಡ್ ಕೇಳ್ತು. ಅವನು ತಲೆ ಎತ್ತಲೇ ಇಲ್ಲ, ‘ಹುಟ್ಟಿದ ವರ್ಷ ಹೇಳಿ ಅಕ್ಕ’ ಅಂತ ರಸ್ತೆಗೆಲ್ಲ ಕೇಳೋ ಹಾಗೆ ಕೂಗಿದ. ಹೆಸರಿನ ಮೊದಲ ನಾಲ್ಕಕ್ಷರ ಇಂಗ್ಲಿಷಿನ ದೊಡ್ಡಕ್ಷರದಲ್ಲಿ, ಪಕ್ಕದಲ್ಲಿ ಹುಟ್ಟಿದ ವರ್ಷ. ಇಡೀ ದೇಶದ ಆಧಾರ್ ಫೈಲಿಗೆ ಇದೇ ಪಾಸ್‌ವರ್ಡು! ಹೆಸರು ಗೊತ್ತಿರೋನಿಗೆ ನಾಲ್ಕು ಅಂಕಿ ಊಹೆ ಮಾಡೋದು ಏನು ಕಷ್ಟ? ಅಂತೂ ನನ್ನ ವಯಸ್ಸು ಆ ಆರು ಜನಕ್ಕೂ ಗೊತ್ತಾಯ್ತು. ಒಬ್ಬಾಕೆ ತಿರುಗಿ ಇನ್ನೊಂದು ಸಲ ನೋಡಿದ್ರು ಬೇರೆ.

ಆಗ ಅವನ ಪರದೆ ಕಡೆ ಕಣ್ಣು ಹೋಯ್ತು. ವಿಂಡೋಸ್ 7. ಅದಕ್ಕೆ ತೇಪೆ ನಿಂತಿದ್ದು 2020ರ ಜನವರೀಲಿ. ಪರದೆ ತುಂಬಾ ಫೈಲುಗಳು, ಒಂದೊಂದಕ್ಕೂ ಒಬ್ಬೊಬ್ಬರ ಹೆಸರು. ಆಧಾರು, ಪ್ಯಾನು, ಪಹಣಿ, ಮಾರ್ಕ್ಸ್ ಕಾರ್ಡು, ಯಾರದೋ ಮದುವೆ ಸರ್ಟಿಫಿಕೇಟು. ‘ನಂದು ಡಿಲೀಟ್ ಮಾಡಪ್ಪ’ ಅಂದ್ರೆ ‘ರಾತ್ರಿ ಎಲ್ಲಾ ಒಟ್ಟಿಗೆ ಮಾಡ್ತೀನಿ ಅಕ್ಕ’ ಅಂದ. ಯಾವ ರಾತ್ರಿ? ಅದರಲ್ಲಿ ಒಂದು ಫೈಲಿನ ಮೇಲೆ 2022 ಅಂತಿತ್ತು! ಹುಡುಗನ ಮೇಲೆ ಸಿಟ್ಟಿಲ್ಲ ನನಗೆ, ಪುಟಕ್ಕೆ ಎರಡು ರೂಪಾಯಿಗೆ ಅವನಿನ್ನೇನು ಮಾಡಬೇಕು. ಸಿಟ್ಟು ಇರೋದು ನನ್ನನ್ನ ಅವನ ಹತ್ರ ಕಳಿಸಿದೋರ ಮೇಲೆ. ನನ್ನ ಫೋನಲ್ಲಿ ಹಣ ಕಳಿಸಿದ್ರೆ ಅಪಾಯ, ಅವನ ಕಂಪ್ಯೂಟರಲ್ಲಿ ನನ್ನ ಆಧಾರು ಬಿದ್ದಿದ್ರೆ ಕ್ಷೇಮವಾ?

ಆಧಾರಿನ ಬೆಂಗಳೂರು ಕಚೇರಿಯವರೇ 2022ರ ಮೇ 27ರಂದು, ಜೆರಾಕ್ಸ್ ಎಲ್ಲೆಂದರಲ್ಲಿ ಕೊಡಬೇಡಿ, ಕೊನೇ ನಾಲ್ಕು ಅಂಕಿ ಮಾತ್ರ ಕಾಣೋ ಮಾಸ್ಕ್ಡ್ ಆಧಾರ್ ಕೊಡಿ ಅಂತ ಎಚ್ಚರಿಕೆ ಹೊರಡಿಸಿದ್ರು. ಜನ ಗಾಬರಿಯಾದ್ರು. ಎರಡೇ ದಿನಕ್ಕೆ, ತಪ್ಪು ಅರ್ಥ ಮಾಡ್ಕೊಳ್ತಾರೆ ಅಂತ ಆ ಎಚ್ಚರಿಕೇನೇ ವಾಪಸ್ ತಗೊಂಡ್ರು. ಮಾಸ್ಕ್ಡ್ ಆಧಾರ್ ಈಗಲೂ ಇದೆ. ಇವತ್ತು ಅದನ್ನೇ ಕೊಟ್ಟೆ. ಕೌಂಟರಿನ ಹುಡುಗ ‘ಇದ್ರಲ್ಲಿ ನಂಬರ್ ಪೂರ್ತಿ ಬಂದಿಲ್ಲ ಆಂಟಿ, ಜೆರಾಕ್ಸ್ ಸರಿಯಾಗಿ ಮಾಡಿಸ್ಕೊಂಡು ಬನ್ನಿ’ ಅಂದ. ನನಗೆ ಅಳಬೇಕೋ ನಗಬೇಕೋ ಗೊತ್ತಾಗ್ಲಿಲ್ಲ.

ವಾಪಸ್ ಅಂಗಡಿಗೆ ಬಂದೆ. ಪಕ್ಕದ ಟೀ ಅಂಗಡಿ ಬೆಂಚು ನಮ್ಮ ಏರಿಯಾದ ವಿಶ್ವಸಂಸ್ಥೆ. ಅದರ ಖಾಯಂ ಸದಸ್ಯರು ಒಬ್ಬ ನಿವೃತ್ತ ಮೇಷ್ಟ್ರು. ಉಕ್ರೇನ್ ಯುದ್ಧ ಯಾವಾಗ ನಿಲ್ಲಬೇಕಿತ್ತು, ಟ್ರಂಪ್ ನಮ್ಮ ಮೇಲೆ 50 ಪರ್ಸೆಂಟ್ ಸುಂಕ ಹಾಕಿದಾಗ ನಾವೇನು ಮಾಡಬೇಕಿತ್ತು, ಎಲ್ಲಕ್ಕೂ ಅವರ ಹತ್ರ ಒಂದು ಟೀ ಮುಗಿಯೋದ್ರೊಳಗೆ ಪರಿಹಾರ ಇರುತ್ತೆ. ನನ್ನ ಕಥೆ ಕೇಳಿ, ‘ಹಳೇ ಸಾಮಾನು ಇಟ್ಕೋಬಾರದಮ್ಮ. ಲೆಬನಾನಲ್ಲಿ ನೋಡ್ಲಿಲ್ವಾ, ಹಳೇ ಪೇಜರ್‌ಗಳು ಹೆಂಗೆ ಸಿಡಿದ್ವು’ ಅಂದ್ರು. ನನಗೆ ಮೈಯೆಲ್ಲ ಉರೀತು. ಮೇಷ್ಟ್ರೇ, ಪೇಜರ್ ಹಳೇದಾಗಿದ್ದಕ್ಕೆ ಸಿಡಿದಿದ್ದಲ್ಲ. ಮೊಬೈಲ್ ಇದ್ರೆ ಎಲ್ಲಿದೀವಿ ಅಂತ ಇಸ್ರೇಲ್‌ನವರಿಗೆ ಗೊತ್ತಾಗುತ್ತೆ ಅಂತ ಅಲ್ಲಿನ ಹಿಜ್ಬುಲ್ಲಾ ಸಂಘಟನೆಯವರು ಪೇಜರ್ ತರಿಸ್ಕೊಂಡಿದ್ರು. ಆ ಪೇಜರ್ ಹಳೇ ಕಾಲದ ವಸ್ತುವೇ, ಆದ್ರೆ ತಂದಿದ್ದು ಹೊಸ ಮಾಲು. ಅವರ ಕೈಗೆ ಬರೋ ಮುಂಚೆನೇ ಒಳಗೆ ಮದ್ದು ತುಂಬಿ ಕಳಿಸಿದ್ರು. 2024ರ ಸೆಪ್ಟೆಂಬರ್ 17ಕ್ಕೆ ಪೇಜರ್, ಮಾರನೇ ದಿನ ವಾಕಿಟಾಕಿ. ಸಾವಿರಾರು ಜನಕ್ಕೆ ಗಾಯ, ಮಕ್ಕಳೂ ಸತ್ರು. ಅದನ್ನ ನನ್ನ ಫೋನಿಗೆ ಉದಾಹರಣೆ ಕೊಡ್ತೀರಲ್ಲ!

ಈ ಮಾತು ಹೇಳೋಕೆ ನನಗೆ ಇನ್ನೊಂದು ಹಕ್ಕೂ ಇದೆ. ಹೋದ ವರ್ಷ ಮದುವೆ ಸೀಸನ್ನಲ್ಲಿ ಬಡಾವಣೆ ಗ್ರೂಪಿಗೆ ‘ಮದುವೆ ಕರೆಯೋಲೆ’ ಅಂತ ಒಂದು ಎಪಿಕೆ ಫೈಲು (ಒತ್ತಿದ್ರೆ ಫೋನಿಗೆ ಆ್ಯಪ್ ಹಾಕೋ ಫೈಲು) ಬಂತಲ್ಲ, ಕಳಿಸಿದ್ದು ಇದೇ ಮೇಷ್ಟ್ರ ನಂಬರಿಂದ. ಅವರು ಕಳಿಸಿದ್ದಲ್ಲ, ಅವರೇ ಯಾರದೋ ಕರೆಯೋಲೆ ಒತ್ತಿದ್ರು, ಅದು ಫೋನಿನೊಳಗೆ ಕೂತು ಓಟಿಪಿ ಓದ್ಕೊಂಡು, ಗೊತ್ತಿರೋರಿಗೆಲ್ಲ ತನ್ನನ್ನ ತಾನೇ ಹಂಚಿಕೊಳ್ತು. ಮೂವತ್ತೆಂಟು ಸಾವಿರದ ಹೊಸ ಫೋನು, ನಲವತ್ತಾರು ಸಾವಿರ ಹೋಯ್ತು. ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ಅಂತ ಅವರ ಮನೆಗೆ ಓಡಿ ಹೋಗಿ ಹೇಳಿದ್ದು ನಾನು. ಆ ಕರೆಯೋಲೆ ನಾನೂ ಒತ್ತಿದ್ದೆ, ಸುಳ್ಳು ಯಾಕೆ ಹೇಳ್ಲಿ, ಯಾರ ಮದುವೆ, ಎಷ್ಟು ಬ್ಲೌಸ್ ಬರುತ್ತೆ ಅನ್ನೋ ಆಸೆ. ನನ್ನ ಹಳೇ ಫೋನು ‘ಜಾಗ ಇಲ್ಲ’ ಅಂತ ಹೇಳಿ ಅದನ್ನ ಒಳಗೇ ಬಿಟ್ಕೊಳ್ಳಲಿಲ್ಲ!

ನಮ್ಮಪ್ಪಂದು ಇನ್ನೂ ಒಂದು ಕೈ ಮೇಲು. ಅವರು ಇಲ್ಲಿನ ಎಚ್‌ಎಂಟಿ ವಾಚ್ ಫ್ಯಾಕ್ಟರೀಲಿ ಇದ್ದೋರು. 1978ರಲ್ಲಿ ಶುರುವಾದ ಫ್ಯಾಕ್ಟರಿ, 2016ರಲ್ಲಿ ಕೇಂದ್ರದವರು ಮುಚ್ಚಿದ್ರು, ಜಾಗ ಇಸ್ರೋಗೆ ಹೋಯ್ತು. ಅಪ್ಪನ ಕೈಲಿ ಈಗಲೂ ಅದೇ ಜನತಾ ವಾಚು. ಬೆಳಿಗ್ಗೆ ಹಲ್ಲುಜ್ಜಿ, ಕಾಫಿಗೆ ಮುಂಚೆ, ಹೆಬ್ಬೆರಳು ತೋರುಬೆರಳಲ್ಲಿ ಕೀ ಕೊಡ್ತಾರೆ, ಬಿಗಿ ಬಂದ ತಕ್ಷಣ ನಿಲ್ಲಿಸ್ತಾರೆ, ಕಿವಿ ಹತ್ರ ಹಿಡ್ಕೊಂಡು ಒಂದು ಸಲ ಕೇಳ್ತಾರೆ. ಮುಚ್ಚಿಹೋದ ಕಂಪನಿಯ ವಾಚು ದಿನಕ್ಕೊಂದು ನಿಮಿಷ ಹಿಂದೆ ಬೀಳುತ್ತೆ, ಅಷ್ಟೇ. ನೀನು ಹಳಬ, ನಿನಗೆ ಟೈಮ್ ತೋರಿಸಲ್ಲ ಅಂತ ಒಂದಿನ ಅಂದಿಲ್ಲ.

ಅವರ ಫೋನು ಟಾರ್ಚ್ ಇರೋ ಕೀಪ್ಯಾಡು. ಮೂರು ತಿಂಗಳ ಹಿಂದೆ ಒಬ್ಬ ಅಚ್ಚ ಕನ್ನಡದಲ್ಲೇ ಮಾತಾಡಿ, ‘ನಿಮ್ಮ ಹೆಸರಿನ ಪಾರ್ಸಲ್‌ನಲ್ಲಿ ಡ್ರಗ್ಸ್ ಸಿಕ್ಕಿದೆ, ನೀವು ಡಿಜಿಟಲ್ ಅರೆಸ್ಟ್ ಆಗಿದೀರಿ, ತಕ್ಷಣ ವಿಡಿಯೋ ಕಾಲಿಗೆ ಬನ್ನಿ’ ಅಂದನಂತೆ. ಅಂಥ ಅರೆಸ್ಟು ನಮ್ಮ ಕಾನೂನಿನಲ್ಲೇ ಇಲ್ಲ ಅಂತ 2024ರ ಅಕ್ಟೋಬರ್‌ನಲ್ಲಿ ಪ್ರಧಾನಿಯೇ ರೇಡಿಯೋದಲ್ಲಿ ಹೇಳಿದ್ರು, ಅಪ್ಪನಿಗೆ ಅದೇನೂ ನೆನಪಿರಲಿಲ್ಲ. ಗಾಬರಿಯಾಗಿಯೇ ಹೇಳಿದ್ರಂತೆ, ‘ಇದ್ರಲ್ಲಿ ವಿಡಿಯೋ ಇಲ್ಲ ಸ್ವಾಮಿ. ಟಾರ್ಚ್ ಇದೆ, ಹಾಕ್ಲಾ?’ ಆ ಕಡೆಯೋನು ಹಾಳಾಗಿ ಹೋಗು ಅಂತ ಕಟ್ ಮಾಡಿದ.

ನಾಳೆ ಹನ್ನೊಂದಕ್ಕೆ ಮತ್ತೆ ಬ್ಯಾಂಕಿಗೆ ಹೋಗ್ಬೇಕು, ಪೂರ್ತಿ ನಂಬರಿನ ಜೆರಾಕ್ಸ್ ತಗೊಂಡು. ಇವತ್ತಿನ ನಾಲ್ಕು ಬ್ಲೌಸು ಹಾಗೇ ಬಿದ್ದಿದೆ, ಒಂದಕ್ಕೆ ಕುಚ್ಚು ಕಟ್ಟೋ ಸೀರೆ ಬೇರೆ ಜೊತೆಗಿದೆ, ನಾಡಿದ್ದು ಮುಹೂರ್ತ. ಸಂಜೆ ಹೊಟ್ಟೆ ಚುರುಗುಟ್ತು ಅಂತ ಗಾಡಿಯವನ ಹತ್ರ ಎರಡು ಮೆಣಸಿನಕಾಯಿ ಬಜ್ಜಿ ತರಿಸಿದೆ. ಬಜ್ಜಿ ತಿಂದು ಕೈ ಒರೆಸೋಕೆ ಕಾಗದ ಬಿಡಿಸ್ತೀನಿ, ಯಾರೋ ಹೆಂಗಸಿನ ಆಧಾರ್ ಜೆರಾಕ್ಸು. ಗುಬ್ಬಿ ತಾಲ್ಲೂಕಿನೋರು. ಎಣ್ಣೆ ಇಳಿದು ಮುಖ ಅರ್ಧ ಕರಗಿತ್ತು, ನಂಬರು ಮಾತ್ರ ಹನ್ನೆರಡಕ್ಕೆ ಹನ್ನೆರಡೂ ಸ್ಪಷ್ಟ. ಮೂಲೇಲಿ ಅವರದೇ ಸಹಿ, ತಾರೀಕು. ಅದನ್ನ ಕತ್ತರೀಲಿ ಸಣ್ಣಗೆ ಕತ್ತರಿಸಿ, ಬಟ್ಟೆ ಚೂರುಗಳ ಚೀಲಕ್ಕೆ ಹಾಕ್ದೆ. ಪಕ್ಕದಲ್ಲಿ ನನ್ನ ಫೋನು ಇನ್ನೂ ಕೆಂಪು ತ್ರಿಕೋನ ತೋರಿಸ್ತಾ ಇತ್ತು.