ಮೋಟರ್ ಆನ್, ವೆಬ್‌ಸೈಟ್ ಆಫ್

ನಮ್ಮ ನೆಂಟರ ಮುಂದೆ "ಸ್ವಂತ ಕನ್ಸಲ್ಟಿಂಗ್ ಮಾಡ್ಕೊಂಡಿದೀನಿ" ಅಂದರೆ ಅವರು ಒಂದು ಕ್ಷಣ ಸುಮ್ಮನಾಗಿ, ಆಮೇಲೆ ದನಿ ತಗ್ಗಿಸಿ, "ಬೇರೆ ಕಡೆ ಟ್ರೈ ಮಾಡ್ತಾ ಇದೀಯ ತಾನೇ?" ಅಂತ ವಿಚಾರಿಸುತ್ತಾರೆ. ಪದೇ ಪದೇ ಬಿದ್ದುಹೋಗುವ ವೆಬ್‌ಸೈಟು ಯಾಕೆ ಬೀಳುತ್ತೆ ಅಂತ ಕಂಡುಹಿಡಿದು, ಮತ್ತೆ ಬೀಳದ ಹಾಗೆ ನೋಡಿಕೊಳ್ಳೋದು ನನ್ನ ಕೆಲಸ. ಇದನ್ನು ಸೋದರಮಾವನಿಗೆ ಬಿಡಿಸಿ ಹೇಳಿದೆ. "ಅಂದ್ರೆ ಯಾವುದೂ ಬೀಳದೆ ಇದ್ರೆ ನಿಂಗೆ ಊಟ ಇಲ್ಲ" ಅಂದರು. ಅದೂ ಸರಿಯೇ.

ಹೀಗೆ ಕೈಗೆ ಬಂದದ್ದು ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆ. ಹೆಸರು ಬೇಡ ಬಿಡಿ. ಅವರ ಸೈಟು ದಿನಾ ಬೆಳಿಗ್ಗೆ ಒಂಬತ್ತೂಕಾಲರ ಸುಮಾರಿಗೆ ಮಲಗುತ್ತಿತ್ತು. ಹತ್ತು ನಿಮಿಷ ಬಿಟ್ಟು ತಾನೇ ಏಳುತ್ತಿತ್ತು. ಇದು ಹೊರದೇಶದ ಹ್ಯಾಕರ್‌ಗಳ ಕೆಲಸ ಅಂತ ನಿರ್ದೇಶಕರಿಗೆ ಖಾತ್ರಿಯಾಗಿತ್ತು. "ನಮ್ಮ ಡೇಟಾ ಮೇಲೆ ಅವರ ಕಣ್ಣಿದೆ" ಅಂದರು. ಹೇಳುವಾಗ ಮುಖದಲ್ಲಿ ಭಯಕ್ಕಿಂತ ಹೆಮ್ಮೆಯೇ ಜಾಸ್ತಿ ಇತ್ತು. ಟೈಮಿಗೆ ಸರಿಯಾಗಿ ಬಂದು, ಭಾನುವಾರ ರಜೆ ತಗೊಳ್ಳುವ ಹ್ಯಾಕರ್ ಯಾರು ಸಾರ್ ಅಂತ ಕೇಳೋಣ ಅನ್ನಿಸಿತು. ಮೊದಲನೇ ಭೇಟಿ ಅಲ್ವಾ, ಕಾಫಿ ಕುಡಿದು ಸುಮ್ಮನಾದೆ.

"ನಮಗೆ ಸೈಟು ನೂರಕ್ಕೆ ನೂರು ಹೊತ್ತು ನಡೀತಿರಬೇಕು" ಅಂದರು ನಿರ್ದೇಶಕರು. ನೂರಕ್ಕೆ ನೂರು ಯಾರೂ ಕೊಡಲ್ಲ, 99.9 ಅಂದರೇನೇ ವರ್ಷಕ್ಕೆ ಸುಮಾರು 8 ಗಂಟೆ 45 ನಿಮಿಷ ಬಾಗಿಲು ಹಾಕಿದ ಹಾಗೆ, 99.99 ಅಂದರೆ 52 ನಿಮಿಷ ಅಂತ ಲೆಕ್ಕ ಹೇಳಿದೆ. ದಿನಕ್ಕೆ ಹತ್ತು ನಿಮಿಷ, ವರ್ಷಕ್ಕೆ 300 ಕೆಲಸದ ದಿನ ಅಂತ ಹಿಡಿದರೂ ಅವರದ್ದು 50 ಗಂಟೆ ಆಗುತ್ತಿತ್ತು. ನಿರ್ದೇಶಕರು ಸ್ವಲ್ಪ ಹೊತ್ತು ಯೋಚಿಸಿ, "ಆದ್ರೂ 99ರ ಮೇಲೇ ಇದೆಯಲ್ಲ, ಡಿಸ್ಟಿಂಕ್ಷನ್ನೇ!" ಅಂದರು.

ಸರ್ವರ್ ನೋಡೋಣ ಅಂತ ಅಲ್ಲಿನ ಸಿಸ್ಟಮ್ ಅಡ್ಮಿನ್ ಹುಡುಗನ ಜೊತೆ ಹೋದೆ. ಅದಿದ್ದದ್ದು ಮೆಟ್ಟಿಲ ಕೆಳಗೆ. ಪಕ್ಕದಲ್ಲೇ, ಗೋಡೆ ಮೇಲೆ, ಸಂಪಿನಿಂದ ಓವರ್‌ಹೆಡ್ ಟ್ಯಾಂಕಿಗೆ ನೀರೆತ್ತುವ ಮೋಟರಿನ ಸ್ಟಾರ್ಟರ್. ಹಸಿರು ಗುಂಡಿ, ಕೆಂಪು ಗುಂಡಿ, ಮಧ್ಯೆ ಅರಿಶಿನ ಕುಂಕುಮ. ನೆಲದ ಮೇಲೆ ಯುಪಿಎಸ್. ಅದರ ಬಜರ್ ಇರೋ ಜಾಗಕ್ಕೆ ಯಾರೋ ಹತ್ತಿ ಒತ್ತಿ, ಮೇಲೆ ಕಂದು ಬಣ್ಣದ ಪ್ಯಾಕಿಂಗ್ ಟೇಪನ್ನು ಮೂರು ಸುತ್ತು ಸುತ್ತಿದ್ದರು. ಯಾಕೆ ಅಂತ ಕೇಳಿದೆ. "ತುಂಬಾ ಕಿರುಚ್ತಾ ಇತ್ತು ಸಾರ್. ಅಕೌಂಟ್ಸ್‌ನವರು ಕಂಪ್ಲೇಂಟ್ ಕೊಟ್ರು" ಅಂದ ಹುಡುಗ.

ಅಷ್ಟರಲ್ಲಿ ಪಂಪ್ ಆಪರೇಟರ್ ಬಂದರು. ಚಪ್ಪಲಿ ಬಿಟ್ಟು, ಗುಂಡಿಗೆ ಕೈ ಮುಗಿದು, ಹಸಿರು ಒತ್ತಿದರು. ಟ್ಯೂಬ್‌ಲೈಟ್ ಒಮ್ಮೆ ಮಂಕಾಯಿತು. ಸರ್ವರಿನ ಫ್ಯಾನ್ ನಿಂತು, ಮತ್ತೆ ಗುರ್ ಅಂತ ಶುರುವಾಯಿತು. ಅಷ್ಟೇ. ಹ್ಯಾಕರ್ ಸಿಕ್ಕಿಬಿದ್ದಿದ್ದ.

ಇದರಲ್ಲಿ ಮಾಯ ಮಂತ್ರ ಏನಿಲ್ಲ. ಇಂಥ ಮೋಟರ್ ನೇರವಾಗಿ ಶುರುವಾಗುವಾಗ ಓಡುವಾಗಿನದಕ್ಕಿಂತ ಐದಾರು ಪಟ್ಟು ಜಾಸ್ತಿ ಕರೆಂಟು ಎಳೆಯುತ್ತದೆ. ಅದೇ ಲೈನಿನಲ್ಲಿ ಇರುವವರಿಗೆಲ್ಲ ವೋಲ್ಟೇಜ್ ಇಳಿಯುತ್ತದೆ. ಅಂಥ ಹೊತ್ತಲ್ಲಿ ಕೈ ಹಿಡಿಯೋಕೇ ಅಲ್ವಾ ಯುಪಿಎಸ್ ಇರೋದು? ಆದರೆ ಅದರ ಬ್ಯಾಟರಿ ಯಾವಾಗಲೋ ಶಿವನ ಪಾದ ಸೇರಿತ್ತು. ಅದು ಕಿರುಚುತ್ತಿದ್ದದ್ದೂ ಅದಕ್ಕೇ. ಸರ್ವರ್ ಹೀಗೆ ದಿಢೀರ್ ಅಂತ ಆರಿ, ಮತ್ತೆ ಎದ್ದು, ಡಿಸ್ಕು ಡೇಟಾಬೇಸು ಎಲ್ಲ ನೆಟ್ಟಗಿದೆಯಾ ಅಂತ ನೋಡಿಕೊಳ್ಳೋಕೆ ಹತ್ತು ನಿಮಿಷ.

"ಇದು ನಿಮಗೆ ಮೊದಲೇ ಗೊತ್ತಿತ್ತಾ?" ಅಂತ ಹುಡುಗನನ್ನು ಕೇಳಿದೆ. ಅವನು ಮಾತಾಡದೆ ಡ್ರಾಯರ್ ತೆಗೆದು ಒಂದು ಟಿಪ್ಪಣಿ ಕೊಟ್ಟ. ಬ್ಯಾಟರಿ, ಮೋಟರ್, ಬೇರೆ ಲೈನ್, ಎಲ್ಲ ಬರೆದಿದ್ದ. ಕೆಳಗೆ ಹಸಿರು ಇಂಕಿನಲ್ಲಿ "ಚರ್ಚಿಸಿ" ಅಂತ ಷರಾ. "ನೀವು ಹೇಳಿ ಸಾರ್. ಹೊರಗಿನವರು ಹೇಳಿದ್ರೆ ಕೇಳ್ತಾರೆ" ಅಂದ. ನಾನು ಅದನ್ನೇ ಹದಿನಾರು ಸ್ಲೈಡು ಮಾಡಿ, ಅಲ್ಲಲ್ಲಿ ಗ್ರಾಫ್ ಹಾಕಿ, ಮೊದಲ ಸ್ಲೈಡಿನಲ್ಲಿ ಅವನ ಹೆಸರು ಹಾಕಿದೆ. ಸಭೆಯಲ್ಲಿ ಎಲ್ಲರೂ ತಲೆದೂಗಿದರು. ಆ ಹೆಸರನ್ನು ಮಾತ್ರ ಯಾರೂ ಓದಿದ ಹಾಗೆ ಕಾಣಲಿಲ್ಲ.

ಎಸ್‌ಎಸ್‌ಎಲ್ ಸರ್ಟಿಫಿಕೇಟಿನ, ಅಂದರೆ ಇದು ಅಸಲಿ ಸೈಟೇ ಅಂತ ಬ್ರೌಸರಿಗೆ ತೋರಿಸುವ ಗುರುತಿನ ಚೀಟಿಯ, ಮಾತೂ ಬಂತು. ಅವಧಿ ಮುಗಿದರೆ ಬ್ರೌಸರು ಬಂದವರನ್ನೆಲ್ಲ ಹೆದರಿಸಿ ಓಡಿಸುತ್ತದೆ. ಇವರಿಗೆ ನೆನಪಿಸುವ ಮೇಲ್ ಹೋಗುತ್ತಿದ್ದದ್ದು ನಿವೃತ್ತರಾದ ಒಬ್ಬ ಅಧಿಕಾರಿಯ ವಿಳಾಸಕ್ಕೆ. 2029ರ ಮಾರ್ಚ್ ಹೊತ್ತಿಗೆ ಸರ್ಟಿಫಿಕೇಟಿನ ಆಯಸ್ಸು ಹೆಚ್ಚೆಂದರೆ 47 ದಿನ ಆಗುತ್ತೆ, ಈಗಲೇ ಆಟೋಮ್ಯಾಟಿಕ್ ಮಾಡಿಬಿಡೋಣ ಅಂದೆ. "47 ದಿನದಲ್ಲಿ ನಮ್ಮ ಫೈಲು ಒಂದು ಟೇಬಲ್ ದಾಟಲ್ಲ, ಮಾಡಿಬಿಡಿ" ಅಂತ ರಿಜಿಸ್ಟ್ರಾರ್ ಒಪ್ಪಿದರು. ಇಷ್ಟು ಪ್ರಾಮಾಣಿಕ ಮಂಜೂರಾತಿ ನಾನು ಬೇರೆಲ್ಲೂ ಕಂಡಿಲ್ಲ.

ಸೈಟು ಬಿದ್ದಾಗ ಜನಕ್ಕೆ ತಿಳಿಸೋಕೆ ಒಂದು ಸ್ಟೇಟಸ್ ಪುಟ ಬೇಕು ಅಂದಾಗ, "ಅದನ್ನೂ ಅದೇ ಸರ್ವರಿನಲ್ಲಿ ಇಡಿ, ಖರ್ಚು ಕಮ್ಮಿ" ಅಂದರು ಒಬ್ಬರು ಹಿರಿಯ ವಿಜ್ಞಾನಿ. ನಗಬೇಡಿ. 2017ರ ಫೆಬ್ರವರಿ 28ರಂದು ಜನರ ಫೈಲುಗಳನ್ನು ಇಟ್ಟುಕೊಳ್ಳುವ ಅಮೆಜಾನಿನ ಎಸ್3 ಸೇವೆ ಬಿದ್ದಾಗ, ಅದು ಬಿದ್ದಿದೆ ಅಂತ ತೋರಿಸಬೇಕಾದ ಅವರ ಪುಟವನ್ನು ಬದಲಿಸುವ ವ್ಯವಸ್ಥೆಯೂ ಅದೇ ಎಸ್3 ಮೇಲೆ ಕೂತಿತ್ತು. ಹಾಗಾಗಿ ಸುಮಾರು ಹೊತ್ತು ಅಲ್ಲಿ ಎಲ್ಲ ಸರಿಯಿದೆ ಅನ್ನೋ ಹಸಿರೇ.

ಕೊನೆಗೆ ಹೊಸ ಬ್ಯಾಟರಿ ಬಂತು. ಮೋಟರಿಗೆ ಬೇರೆ ಲೈನ್ ಎಳೆಯುವ ವಿಷಯ ಎಲೆಕ್ಟ್ರಿಕಲ್ ವಿಭಾಗಕ್ಕೆ ಹೋಗಿ ಕೂತಿದೆ. ಸೈಟು ಈಗ ಒಂಬತ್ತೂಕಾಲಕ್ಕೆ ಬೀಳುತ್ತಿಲ್ಲ. ಹುಡುಗ ಟೇಪು ಕಿತ್ತು, ಹತ್ತಿ ತೆಗೆದಿದ್ದಾನೆ. ಹಾಗಾಗಿ ಮೋಟರ್ ಹಾಕಿದಾಗಲೆಲ್ಲ ಯುಪಿಎಸ್ ತನ್ನ ಕೆಲಸ ತಾನು ಮಾಡಿ, ಕುಂಯ್ ಅಂತ ಕಿರುಚುತ್ತದೆ.

ನನ್ನ ಬಿಲ್ಲು ಏನಾಯ್ತು ಅಂತ ಕೇಳೋಕೆ ಮೊನ್ನೆ ಅಕೌಂಟ್ಸಿಗೆ ಹೋಗಿದ್ದೆ. ಸೂಪರಿಂಟೆಂಡೆಂಟ್ ಮೇಡಂ ಕನ್ನಡಕದ ಮೇಲಿಂದ ನೋಡಿ, "ಓ, ಆ ಶಬ್ದ ಶುರು ಮಾಡಿದ್ದು ನೀವೇನಾ?" ಅಂದರು.