ಸ್ಪಷ್ಟನೆ: ಇಥಿಯೋಪಿಯಾಕ್ಕೆ ಹೋದರೆ ವಯಸ್ಸು ಕಮ್ಮಿಯಾಗುವುದಿಲ್ಲ

“ಇಥಿಯೋಪಿಯಾದಲ್ಲಿ ವರ್ಷಕ್ಕೆ 13 ತಿಂಗಳು, 390 ದಿನ. ಅದಕ್ಕೇ ಆ ದೇಶ ಏಳು ವರ್ಷ ಹಿಂದಿದೆ, ಅಲ್ಲಿಗೆ ಹೋದರೆ ನೀವೂ ಏಳು ವರ್ಷ ಚಿಕ್ಕವರು” ಎಂಬ ಸಂದೇಶ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. 13 ತಿಂಗಳು ನಿಜ, 390 ದಿನ ಸುಳ್ಳು.

12 ತಿಂಗಳಿಗೆ ತಲಾ 30 ದಿನ, ಒಟ್ಟು 360. ಮಿಕ್ಕ 5 ದಿನಗಳೇ ‘ಪಗುಮೆ’ ಎಂಬ ಪುಟ್ಟ ತಿಂಗಳು. ನಾಲ್ಕು ವರ್ಷಕ್ಕೊಮ್ಮೆ ಅದಕ್ಕೆ 6 ದಿನ. ಅಲ್ಲಿಗೆ ವರ್ಷ 365 ಅಥವಾ 366 ದಿನವೇ ಆಯಿತು. ಇಸವಿಯ ವ್ಯತ್ಯಾಸ ಬಂದದ್ದು ಕ್ರಿಸ್ತನ ಕಾಲವನ್ನು ಅಲ್ಲಿನ ಚರ್ಚು ಬೇರೆ ರೀತಿ ಲೆಕ್ಕ ಹಾಕಿದ್ದರಿಂದ. ಅದೂ ವರ್ಷಪೂರ್ತಿ ಏಳಲ್ಲ. ಹೊಸ ವರ್ಷ ಸೆಪ್ಟೆಂಬರ್ 11ಕ್ಕೆ, ನಮ್ಮ ಮುಂದಿನ ಇಸವಿ ಅಧಿಕ ವರ್ಷವಾದರೆ 12ಕ್ಕೆ. ಅಂದಿನಿಂದ ಡಿಸೆಂಬರ್ ಮುಗಿಯುವವರೆಗೆ ಅಂತರ ಏಳು, ಜನವರಿಯಿಂದ ಎಂಟು. 2025ರ ಸೆಪ್ಟೆಂಬರ್ 11ರಂದು ಅಲ್ಲಿ 2018 ಶುರುವಾಯಿತು. ಹುಟ್ಟಿದ ಇಸವಿಯೂ ಅದೇ ಲೆಕ್ಕದಲ್ಲಿರುವುದರಿಂದ ವಯಸ್ಸು ಬದಲಾಗದು. ನಮ್ಮ ಶಾಲಿವಾಹನ ಶಕೆ 78 ವರ್ಷ ಹಿಂದಿದೆ, ಅದನ್ನು ನೋಡಿ ಯಾರೂ ಎಳೆಯರಾಗಿಲ್ಲವಲ್ಲ!

ಪ್ರಯಾಣಿಕರು ನಿಜಕ್ಕೂ ಎಡವುವುದು ಗಡಿಯಾರದಲ್ಲಿ. ಅಲ್ಲಿ ಹಗಲಿನ ಎಣಿಕೆ ಬೆಳಗಿನ ಆರಕ್ಕೆ ಶುರು. ನಮ್ಮ ಏಳು ಗಂಟೆ ಅವರಿಗೆ ಒಂದು. “ಬೆಳಿಗ್ಗೆ ಎರಡಕ್ಕೆ ಬಸ್ಸು” ಎಂದರೆ ಎಂಟಕ್ಕೆ. ಆರು ಕೂಡಿಸಿ, ಯಾವ ಲೆಕ್ಕದ ಗಂಟೆ ಎಂದು ಒಮ್ಮೆ ಕೇಳಿಬಿಡಿ. ವಿಮಾನದ ಟಿಕೆಟ್ಟಿನಲ್ಲಿ ಈ ಗೊಂದಲವಿಲ್ಲ, ಅಲ್ಲಿರುವುದು ನಮಗೆ ಗೊತ್ತಿರುವ ತಾರೀಖು, ವೇಳೆಯೇ.

ಆ ಸಂದೇಶ ನಿಮ್ಮ ಗುಂಪಿಗೂ ಬಂದಿದ್ದರೆ ದಯವಿಟ್ಟು ಮುಂದಕ್ಕೆ ಕಳಿಸಬೇಡಿ.