ಎಳನೀರಿನ ವಿಷಯವನ್ನೂ ಸೇರಿಸಿ

ಹೃದಯ ಸೋತವರಿಗೆ, ಅಂದರೆ ಹಾರ್ಟ್ ಫೇಲ್ಯೂರ್ ಆದವರಿಗೆ ಕೊಡುವ ನಾಲ್ಕು ಬಗೆ ಮಾತ್ರೆಗಳ ಬಗ್ಗೆ ಚೆನ್ನಾಗಿ ಬರೆದಿದ್ದೀರಿ, ಆದರೆ ನಮ್ಮ ಕಡೆಯವರಿಗೆ ಬೇಕಾದ ಒಂದು ಮಾತು ಬಿಟ್ಟುಹೋಗಿದೆ. ನಮ್ಮದು ತಿಪಟೂರಿನ ಹತ್ತಿರ, ತೆಂಗಿನ ತೋಟದ ಮನೆ. ಅಪ್ಪನಿಗೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದಾಗ ಇಎಫ್, ಅಂದರೆ ಹೃದಯ ಒಂದು ಬಡಿತಕ್ಕೆ ತನ್ನಲ್ಲಿರುವ ರಕ್ತದಲ್ಲಿ ಶೇಕಡಾ ಎಷ್ಟನ್ನು ಹೊರಗೆ ತಳ್ಳುತ್ತದೆ ಎಂಬ ಲೆಕ್ಕ, 30 ಬಂತು, 50ರ ಮೇಲೆ ಇರಬೇಕಿತ್ತು. ಕಾರ್ವೆಡಿಲಾಲ್, ಸ್ಪೈರೊನೊಲ್ಯಾಕ್ಟೋನ್, ಡಾಪಾಗ್ಲಿಫ್ಲೋಜಿನ್, ಸಕ್ಯುಬಿಟ್ರಿಲ್-ವಲ್ಸಾರ್ಟನ್ (ಎರಡೂ ಸೇರಿದ ಒಂದೇ ಮಾತ್ರೆ), ಹೀಗೆ ನಾಲ್ಕೂ ಬಗೆ ಶುರುವಾಯಿತು. ಬೇಸಿಗೆ ಬಂತು, ತಂಪಾಗಲಿ ಅಂತ ದಿನಕ್ಕೆ ಮೂರು ಎಳನೀರು ಕುಡಿದರು. ನಾವೇ ಕೆತ್ತಿ ಕೊಡುತ್ತಿದ್ದೆವು. ರಕ್ತ ಪರೀಕ್ಷೆ ಮಾಡಿಸಿದರೆ ಪೊಟ್ಯಾಸಿಯಂ 5.9, ಇರಬೇಕಾದ್ದಕ್ಕಿಂತ ಜಾಸ್ತಿ! ಸ್ಪೈರೊನೊಲ್ಯಾಕ್ಟೋನ್, ವಲ್ಸಾರ್ಟನ್ ಎರಡೂ ಪೊಟ್ಯಾಸಿಯಂ ಹೊರಗೆ ಹೋಗದಂತೆ ತಡೆಯುತ್ತವೆ, ಎಳನೀರಿನಲ್ಲಿ ಅದು ಮೊದಲೇ ಜಾಸ್ತಿ, ಮಿತಿ ಮೀರಿದರೆ ಹೃದಯದ ಬಡಿತವೇ ಏರುಪೇರಾಗುತ್ತದೆ. ಇದನ್ನು ನಮಗೆ ಯಾರೂ ಮೊದಲೇ ಹೇಳಿರಲಿಲ್ಲ.

ಇನ್ನೊಂದು, ಕಾರ್ವೆಡಿಲಾಲ್ ಶುರುವಿನಲ್ಲಿ ಸುಸ್ತು ಮಾಡುತ್ತದೆ. ಅಪ್ಪ ಸುಮ್ನೆ ಬಿಟ್ಟುಬಿಡುತ್ತೇನೆ ಅಂದಿದ್ದರು. ದಯವಿಟ್ಟು ನೀವಾಗಿಯೇ ನಿಲ್ಲಿಸಬೇಡಿ, ಅದನ್ನು ಸಣ್ಣ ಡೋಸಿನಿಂದ ವಾರಗಟ್ಟಲೆ ನಿಧಾನವಾಗಿ ಏರಿಸುತ್ತಾರೆ, ಡಾಕ್ಟರಿಗೆ ಹೇಳಿದರೆ ಹೊಂದಿಸುತ್ತಾರೆ. ಡಾಪಾಗ್ಲಿಫ್ಲೋಜಿನ್ ನೋಡಿ ‘ಶುಗರ್ ಇಲ್ಲದವರಿಗೆ ಶುಗರ್ ಮಾತ್ರೆ ಯಾಕೆ’ ಅಂತ ಪಕ್ಕದ ಮನೆಯವರು ಹೆದರಿಸಿದ್ದರು. ಶುಗರ್ ಇಲ್ಲದಿದ್ದರೂ ಅದು ಸೋತ ಹೃದಯಕ್ಕೆ ಕೆಲಸ ಮಾಡುತ್ತದೆ. ಮಂಡಿ ನೋವಿಗೆ ಅಂಗಡಿಯಿಂದ ಡೈಕ್ಲೋಫೆನಾಕ್ ತಂದು ನುಂಗುವುದಂತೂ ಬೇಡವೇ ಬೇಡ, ಮೈಯಲ್ಲಿ ನೀರು ತುಂಬುತ್ತದೆ.

ಈಗ ದಿನಾ ಬೆಳಿಗ್ಗೆ ಅಪ್ಪನ ತೂಕ ನೋಡಿ ಕ್ಯಾಲೆಂಡರಿನಲ್ಲಿ ಬರೆಯುತ್ತೇವೆ. ಮೂರು ದಿನದಲ್ಲಿ ಎರಡು ಕೆಜಿ ಏರಿದರೆ ಮೈಯಲ್ಲಿ ನೀರು ತುಂಬುತ್ತಿರಬಹುದು ಅಂತ ತಕ್ಷಣ ಡಾಕ್ಟರಿಗೆ ಫೋನ್. ಮೊನ್ನೆ ಇಎಫ್ 42 ಬಂದಿದೆ.